ಒಂದು ಚಮಚ ಸಕ್ಕರೆ ನೀರು

ಆ ಬೆಳಿಗ್ಗೆ ನಮ್ಮ ಅತ್ತೆಯವರಿಗೆ ಎದೆನೋವು ಇರಲಿಲ್ಲ. ಇದೆ ಎಂದು ಆಂಬುಲೆನ್ಸಿನವರಿಗೆ ಫೋನಿನಲ್ಲಿ ಹೇಳಿದವಳು ನಾನು. ಸುಳ್ಳೆಂದು ತಿಳಿದೇ ಹೇಳಿದೆ.

ಗಾಬರಿಯಲ್ಲಿ ಬಾಯಿತಪ್ಪಿ ಬಂತು ಎಂದು ದಯವಿಟ್ಟು ಯಾರೂ ನನ್ನ ಪರವಾಗಿ ಮಾತಾಡಬೇಡಿ. ನಮ್ಮೆಜಮಾನರು ಹಾಗೆ ಮಾತಾಡುತ್ತಾರೆ, ಮಗಳೂ ಮಾತಾಡುತ್ತಾಳೆ — ಸಾಕಾಗಿದೆ. ಗಾಬರಿಯಾದವಳು ಫೋನು ಕೈಗೆತ್ತಿಕೊಳ್ಳುವ ಮುಂಚೆ ಉಕ್ಕಲು ಬಂದ ಹಾಲನ್ನು ಇಳಿಸಿ, ಅದರ ಮೇಲೆ ತಟ್ಟೆ ಮುಚ್ಚುವುದಿಲ್ಲ. ನಾನು ಮುಚ್ಚಿದ್ದೆ.

ನಾಲ್ಕು ವರ್ಷದ ಹಿಂದಿನ ಮಾತು. ಮೈಲಾಪೂರಿನ ನಮ್ಮ ಹಳೆಯ ಫ್ಲ್ಯಾಟಿನ ಮೂರನೆಯ ಮಹಡಿ. ಲಿಫ್ಟ್ ಎಂಬುದು ಆ ಕಟ್ಟಡಕ್ಕೆ ಹುಟ್ಟಿನಿಂದಲೇ ಇಲ್ಲ. ಅಂದು ದ್ವಾದಶಿ. ಹಿಂದಿನ ದಿನ ಏಕಾದಶಿಗೆ ಅತ್ತೆಯವರು ಎಂದಿನಂತೆ ಒಂದು ತೊಟ್ಟು ನೀರೂ ಇಲ್ಲದೆ ಇದ್ದರು. ಎಂಬತ್ತೆರಡರ ವಯಸ್ಸಿನಲ್ಲಿ ನಿರ್ಜಲ ಬೇಡವೆಂದು ಡಾಕ್ಟರು ಹೇಳಿದ್ದರು, ನಾವೂ ಹೇಳಿದ್ದೆವು. ‘ನಿಮ್ಮ ಡಾಕ್ಟರಿಗೆ ಏಕಾದಶಿ ಗೊತ್ತೇನೇ?’ ಎಂದು ಕೇಳಿ ನಮ್ಮ ಬಾಯಿ ಮುಚ್ಚಿಸಿದ್ದರು. ದ್ವಾದಶಿಯ ಬೆಳಿಗ್ಗೆ ಮಠದ ತೀರ್ಥ ತೆಗೆದುಕೊಂಡ ಮೇಲೆಯೇ ಅವರ ಪಾರಣೆ. ತೀರ್ಥ ತರಬೇಕಿದ್ದ ಆಚಾರ್ರು ಅಂದು ತಡಮಾಡಿದ್ದರು. ಎಜಮಾನರು ಆಫೀಸಿನ ಕೆಲಸವೆಂದು ಕೊಯಮತ್ತೂರಿನ ರೈಲಿನಲ್ಲಿದ್ದರು. ಮಗಳು ಕಾಲೇಜಿನ ಹಾಸ್ಟೆಲಿನಲ್ಲಿ. ಮನೆಯಲ್ಲಿ ನಾನು ಮತ್ತು ಅತ್ತೆ, ಇಬ್ಬರೇ.

ಆರು ಗಂಟೆಗೆ ಅವರು ದೇವರ ಮನೆಯ ಹೊಸ್ತಿಲಿನಲ್ಲಿ ಮಣೆಯ ಮೇಲೆ ಕೂತಲ್ಲೇ ಗೋಡೆಗೆ ಒರಗಿದರು. ಕಣ್ಣು ಮೇಲಾಯಿತು. ನಾನು ಓಡಿ ಹೋಗಿ ಕೆನ್ನೆ ತಟ್ಟಿದೆ. ಮಡಿಯಲ್ಲಿದ್ದವರನ್ನು ಮುಟ್ಟಿದೆನಲ್ಲ ಎಂಬ ಯೋಚನೆ ಆ ಕ್ಷಣದಲ್ಲೂ ಬಂತು — ಇದನ್ನೂ ಬರೆದುಬಿಡುತ್ತೇನೆ. ಆಂಬುಲೆನ್ಸಿಗೆ ಮೊದಲನೆಯ ಸಲ ಫೋನು ಮಾಡಿ ನಡೆದದ್ದನ್ನೇ ಹೇಳಿದೆ: ವಯಸ್ಸಾದವರು, ಉಪವಾಸ, ತಲೆಸುತ್ತಿ ಬಿದ್ದಿದ್ದಾರೆ. ಅತ್ತ ಕಡೆಯ ಹುಡುಗಿ ಸಮಾಧಾನವಾಗಿ ಒಂದೊಂದೇ ಕೇಳಿದಳು. ಉಸಿರಾಡುತ್ತಿದ್ದಾರಾ? ಹೌದು. ಮಾತಾಡುತ್ತಿದ್ದಾರಾ? ಅಷ್ಟು ಹೊತ್ತಿಗೆ ಅತ್ತೆ ಕಣ್ಣು ತೆರೆದು, ‘ಆಚಾರ್ರು ಬಂದ್ರೇನೇ?’ ಎಂದಿದ್ದರು. ಹೌದು, ಮಾತಾಡುತ್ತಿದ್ದಾರೆ ಎಂದೆ. ಹಾಗಾದರೆ ಒಂದು ಚಮಚ ಸಕ್ಕರೆ ನೀರು ಕೊಡಿ ಅಮ್ಮಾ, ಗಾಡಿ ಕಳಿಸುತ್ತೇವೆ, ಸ್ವಲ್ಪ ತಡವಾಗಬಹುದು, ಬೇರೆ ಕೇಸುಗಳಿವೆ — ಎಂದು ಅವಳು ಹೇಳಿದಳು. ಅವಳು ಹೇಳಿದ್ದು ನೂರಕ್ಕೆ ನೂರು ಸರಿ.

ಸಕ್ಕರೆ ನೀರು ಕಲಸಿ ತಂದೆ. ಅತ್ತೆ ತುಟಿ ಬಿಗಿಹಿಡಿದು ಮುಖ ತಿರುಗಿಸಿದರು. ‘ತೀರ್ಥ ಆಗೋ ಮುಂಚೆ ನನ್ನ ಬಾಯಿಗೆ ಏನಾದ್ರೂ ಹಾಕಿದ್ಯೋ, ನೋಡು ಮತ್ತೆ.’ ಅಷ್ಟೇ ಅಂದದ್ದು. ನನಗೆ ಆಗ ಐವತ್ತೊಂದು ವರ್ಷ. ಮದುವೆಗೆ ಬಂದ ಮಗಳಿದ್ದಳು. ಚಮಚ ಕೈಯಲ್ಲಿತ್ತು. ಆ ಮುದುಕಿಯ ಗಲ್ಲ ಹಿಡಿದು ಬಾಯಿಗೆ ಹಾಕುವ ಧೈರ್ಯ ನನಗಾಗಲಿಲ್ಲ — ಇಪ್ಪತ್ತೆಂಟು ವರ್ಷ ಅವರ ಮಾತು ಕೇಳಿಸಿಕೊಂಡಿದ್ದೆ, ಇನ್ನಷ್ಟು ವರ್ಷ ಈ ಒಂದು ಚಮಚದ ಬಗ್ಗೆ ಕೇಳಿಸಿಕೊಳ್ಳಲಾರೆ ಅನ್ನಿಸಿತು. ಯಾರಾದರೂ ಬೇರೆಯವರು ಬಂದು ಕೊಡಲಿ. ಯಾರಾದರೂ ಬೇಗ ಬರಲಿ.

ಆಗ ನೆನಪಾದದ್ದು ನಮ್ಮ ಭಜನಾ ಮಂಡಳಿಯ ಮಾತು. ಪ್ರತಿ ಶುಕ್ರವಾರ ಸೇರುವ ಹನ್ನೆರಡು ಹೆಂಗಸರು ನಾವು. ಹಾಡಿಗಿಂತ ಹೆಚ್ಚಾಗಿ ಇಂಥ ತಿಳಿವಳಿಕೆಗಳು ಅಲ್ಲಿ ಕೈಯಿಂದ ಕೈಗೆ ದಾಟುತ್ತವೆ — ಯಾವ ಅಂಗಡಿಯ ಹುಣಿಸೆ, ಯಾವ ಡಾಕ್ಟರು, ಯಾವ ಆಟೋ. ‘ಆಂಬುಲೆನ್ಸಿಗೆ ಸುಮ್ನೆ ಮೈ ಸರಿಯಿಲ್ಲ ಅಂದ್ರೆ ಬರಲ್ಲ ಕಣ್ರೀ. ಎದೆನೋವು ಅನ್ಬೇಕು. ಓಡಿ ಬರ್ತಾರೆ’ ಎಂದು ಒಬ್ಬರು ಹೇಳಿದ್ದರು. ಎಲ್ಲರೂ ತಲೆಯಾಡಿಸಿದ್ದೆವು.

ಎರಡನೆಯ ಸಲ ಫೋನು ಮಾಡಿದೆ. ಈ ಸಲ ಇಂಗ್ಲಿಷಿನಲ್ಲಿ. ಕಾನ್ವೆಂಟಿನಲ್ಲಿ ಒಂಬತ್ತನೆಯ ತರಗತಿಗೆ ಪ್ರಥಮ ಚಿಕಿತ್ಸೆ ಹೇಳಿಕೊಡುತ್ತಿದ್ದ ಸಿಸ್ಟರು ಹೃದಯಾಘಾತದ ಲಕ್ಷಣಗಳನ್ನು ಪ್ರಾರ್ಥನೆಯ ಹಾಗೆ ಬಾಯಿಪಾಠ ಮಾಡಿಸಿದ್ದರು. ಎದೆಯ ನಡುವೆ ಹಿಂಡುವ ನೋವು, ಎಡಗೈಗೆ ಹರಡುವುದು, ತಣ್ಣನೆಯ ಬೆವರು. ಮೂರನ್ನೂ ಹೇಳಿದೆ. ಒಂದು ಉಚ್ಚಾರಣೆಯೂ ತಪ್ಪಲಿಲ್ಲ. ಫೋನು ಇಟ್ಟ ಮೇಲೆ ನನ್ನ ಧ್ವನಿಯ ಬಗ್ಗೆ ನನಗೇ ಒಂದು ಮೆಚ್ಚಿಗೆ — ಆಯಿತು, ಸುಳ್ಳಾಡುವುದಿಲ್ಲ, ಮೆಚ್ಚಿಗೆಯಾಯಿತು.

ಒಂಬತ್ತು ನಿಮಿಷದಲ್ಲಿ ಬಂದರು.

ಮೇಲೆ ಬಂದದ್ದು ಒಬ್ಬ ಹುಡುಗಿ, ಇಪ್ಪತ್ತೈದು ಇಪ್ಪತ್ತಾರು ಇರಬಹುದು. ಎದೆಯ ಮೇಲಿನ ಪಟ್ಟಿಯಲ್ಲಿ ಕವಿತಾ ಎಂದಿತ್ತು. ಮೂರು ಮಹಡಿಯನ್ನು ಪೆಟ್ಟಿಗೆ, ಸಿಲಿಂಡರು ಹೊತ್ತುಕೊಂಡು ಓಡಿ ಹತ್ತಿದ್ದಳು. ತಲೆಯಲ್ಲಿ ಮುಡಿದ ಮಲ್ಲಿಗೆ ಹಿಂದಿನ ದಿನದ್ದು, ಕಂದಿತ್ತು — ರಾತ್ರಿ ಪಾಳಿ ಮುಗಿಯುವ ಹೊತ್ತು. ಚಪ್ಪಲಿ ಬಿಡಬೇಕೆಂದು ಅವಳಿಗೆ ಯಾರೂ ಹೇಳಲಿಲ್ಲ, ಆದರೂ ಬಾಗಿಲಲ್ಲಿ ಬೂಟು ಕಳಚಿದಳು. ಅತ್ತೆ ಅಷ್ಟು ಹೊತ್ತಿಗೆ ಎದ್ದು ಕೂತು ಸೆರಗು ಸರಿಮಾಡಿಕೊಳ್ಳುತ್ತಿದ್ದರು. ಕವಿತಾ ಅವರನ್ನು ನೋಡಿದಳು, ನನ್ನನ್ನು ನೋಡಿದಳು, ಏದುಸಿರಿನಲ್ಲೇ ತಮಿಳಿನಲ್ಲಿ ಕೇಳಿದಳು:

‘ನೆಂಜು ವಲಿ ಯಾರುಕ್ಕು?’

ಎದೆನೋವು ಯಾರಿಗೆ? ನಾನು ಅತ್ತೆಯವರ ಕಡೆ ಕೈ ತೋರಿಸಿದೆ. ಅತ್ತೆಗೆ ಅರ್ಧ ಕಿವುಡು, ಕೇಳಿಸಲಿಲ್ಲ. ಕವಿತಾ ಮತ್ತೇನೂ ಕೇಳಲಿಲ್ಲ. ನಾಡಿ ನೋಡಿದಳು, ಬಿಪಿ ನೋಡಿದಳು, ಬೆರಳು ಚುಚ್ಚಿ ಸಕ್ಕರೆ ನೋಡಿದಳು. ತನ್ನ ಪೆಟ್ಟಿಗೆಯಿಂದ ಗ್ಲೂಕೋಸು ತೆಗೆದು, ‘ಮರುಂದು ಪಾಟ್ಟೀ’ — ಔಷಧಿ ಅಜ್ಜಿ — ಎಂದು ಅತ್ತೆಯವರ ಬಾಯಿಗಿಟ್ಟಳು. ಅತ್ತೆ ಮಗುವಿನ ಹಾಗೆ ನುಂಗಿದರು. ಔಷಧಿಗೆ ದೋಷವಿಲ್ಲ ಎಂದು ಆಮೇಲೆ ನನಗೆ ಶಾಸ್ತ್ರವನ್ನೂ ಹೇಳಿದರು! ನಾನು ಆ ಚಮಚದ ನೀರಿಗೆ ಔಷಧಿ ಎಂದು ಹೆಸರಿಟ್ಟಿದ್ದರೆ ಸಾಕಿತ್ತು. ಇಡಲಿಲ್ಲ. ತೋಚಲಿಲ್ಲ.

ಇಲ್ಲಿಗೆ ಮುಗಿದಿದ್ದರೆ ಬರೆಯುವ ಅಗತ್ಯವಿರಲಿಲ್ಲವೋ ಏನೋ. ಅಷ್ಟರಲ್ಲಿ ಕವಿತಾಳ ಫೋನು ರಿಂಗಾಯಿತು. ಕೈಯಲ್ಲಿ ಕೆಲಸವಿದ್ದುದರಿಂದ ಸ್ಪೀಕರಿನಲ್ಲಿಟ್ಟಳು. ಕೆಳಗೆ ಗಾಡಿಯಲ್ಲಿದ್ದ ಡ್ರೈವರು. ದೇವಸ್ಥಾನದ ಕೊಳದ ಹಿಂದಿನ ಸಂದಿನಿಂದ ಇನ್ನೊಂದು ಕರೆ ಬಂದಿದೆ, ಗಂಡಸು, ಗ್ಯಾಸು ಅನ್ನುತ್ತಿದ್ದಾರೆ, ಆದರೆ ತುಂಬ ಬೆವರುತ್ತಿದ್ದಾನಂತೆ. ಬೇರೆ ಗಾಡಿ ದೂರದಿಂದ ಬರಬೇಕು. ನಮ್ಮದು ಬಿಡುವಾದರೆ ನಾವೇ ಹತ್ತಿರ — ಎಂದ. ನಾನು ಪಕ್ಕದಲ್ಲೇ ನಿಂತು ಕೇಳಿದೆ. ಪ್ರತಿಯೊಂದು ಮಾತೂ ಕೇಳಿದೆ.

ಅತ್ತೆ ಆಸ್ಪತ್ರೆಗೆ ಬರುವುದಿಲ್ಲವೆಂದು ಹಟ ಹಿಡಿದಿದ್ದರು. ಹಾಗಿದ್ದರೆ ಬರುವುದಿಲ್ಲವೆಂದು ಮನೆಯವರು ಸಹಿ ಮಾಡಿಕೊಡಬೇಕು, ಅಲ್ಲಿಯವರೆಗೆ ಅವರು ಹೊರಡುವ ಹಾಗಿಲ್ಲ. ಕವಿತಾ ಕಾಗದ ಮುಂದಿಟ್ಟಳು. ‘ಸೈನ್ ಪಣ್ಣುಂಗಮ್ಮಾ, ನಾಂಗ ಕಿಳಂಬಣುಂ.’ ಸಹಿ ಮಾಡಿ ಅಮ್ಮಾ, ನಾವು ಹೊರಡಬೇಕು.

ನಾನು ಎಜಮಾನರನ್ನು ಕೇಳದೆ ಮಾಡುವುದಿಲ್ಲ ಎಂದೆ. ಮದುವೆಯಾದ ಮೇಲೆ ಅವರನ್ನು ಕೇಳದೆ ನಾನು ಸಹಿ ಹಾಕಿದ್ದು ಕೊರಿಯರಿನವನ ಪುಸ್ತಕಕ್ಕೆ ಮಾತ್ರ. ರೈಲಿನಲ್ಲಿ ಅವರಿಗೆ ಫೋನು ಸಿಗಲಿಲ್ಲ. ಮತ್ತೆ ಮಾಡಿದೆ. ಮತ್ತೆ ಮಾಡಿದೆ. ಅವರೆಲ್ಲ ಹೊರಟುಹೋದರೆ ಮನೆಯಲ್ಲಿ ಮತ್ತೆ ಒಬ್ಬಳೇ ಆಗುತ್ತೇನಲ್ಲ ಎಂಬುದೂ ಒಳಗಿತ್ತು — ಅದೇ ಹೆಚ್ಚಾಗಿತ್ತು. ನಡುವೆ ಕವಿತಾಳಿಗೆ ಕಾಫಿ ಬೇಕೇ ಎಂದು ಕೇಳಿದೆ. ಬೇಡ ಎಂದಳು. ಅವಳು ಕಾಗದದ ಮೂಲೆಯನ್ನು ಹೆಬ್ಬೆರಳಿನಿಂದ ಮಡಿಸುತ್ತ, ಬಿಡಿಸುತ್ತ ನಿಂತಿದ್ದಳು. ಕಡೆಗೆ ಆಚಾರ್ರು ತೀರ್ಥದ ಗಿಂಡಿ ಹಿಡಿದು ಮೆಟ್ಟಿಲು ಹತ್ತಿ ಬಂದ ಮೇಲೆ, ಮನೆಗೆ ಒಬ್ಬ ಗಂಡಸು ಬಂದ ಮೇಲೆ, ಸಹಿ ಮಾಡಿದೆ. ಕಾಲು ಗಂಟೆಯ ಮೇಲಾಗಿತ್ತು. ಕವಿತಾ ಬೂಟಿನ ಲೇಸು ಕಟ್ಟದೆ ಇಳಿದು ಓಡಿದಳು.

ಅವರು ಹೋಗುವ ಹೊತ್ತಿಗೆ ದೂರದ ಗಾಡಿಯೇ ಮುಟ್ಟಿತ್ತಂತೆ. ಅದು ಮುಟ್ಟುವ ಹೊತ್ತಿಗೆ ಆ ಮನುಷ್ಯ ಹೋಗಿದ್ದ.

ಅವನು ಮುರುಗೇಶ. ನಮ್ಮ ಬೀದಿಯ ಮೂಲೆಯ ಪುಂಗೆ — ನಮ್ಮ ಹೊಂಗೆ — ಮರದ ಕೆಳಗೆ ಇಸ್ತ್ರಿ ಗಾಡಿ ಇಟ್ಟುಕೊಂಡಿದ್ದವನು. ಹದಿನೈದು ವರ್ಷ ನಮ್ಮ ಮನೆಯ ಬಟ್ಟೆ ಅವನ ಕೈಯಲ್ಲೇ ಸುಕ್ಕು ಬಿಟ್ಟದ್ದು. ಮಗಳ ಶಾಲೆಯ ಸ್ಕರ್ಟಿನ ಮಡಿಕೆಗಳನ್ನು ಎಣಿಸಿ ಕೂರಿಸುತ್ತಿದ್ದ. ಸುದ್ದಿ ಮಧ್ಯಾಹ್ನ ಬಂತು, ಕಾವಲಿನವನ ಬಾಯಲ್ಲಿ. ನಾನು ಹುಳಿಗೆ ಒಗ್ಗರಣೆ ಹಾಕುತ್ತಿದ್ದೆ. ಹಾಕಿ ಮುಗಿಸಿದೆ. ಬಡಿಸಿದೆ ಕೂಡ.

ಇನ್ನೂ ಇದೆ. ವಾರದ ನಂತರ ನಮ್ಮ ಫ್ಲ್ಯಾಟಿನ ಸಂಘದ ಕಾರ್ಯದರ್ಶಿ ಬಂದರು, ಒಳ್ಳೆಯ ಮನುಷ್ಯ. ಬೀದಿಯವರೆಲ್ಲ ಸೇರಿ ಆಂಬುಲೆನ್ಸ್ ತಡವಾದದ್ದರ ಬಗ್ಗೆ ದೂರು ಕೊಡಬೇಕು, ಮಾಮಿ, ನಿಮ್ಮಷ್ಟು ಚೆನ್ನಾಗಿ ಇಂಗ್ಲಿಷ್ ಬರೆಯುವವರು ಇಲ್ಲಿ ಯಾರಿದ್ದಾರೆ ಎಂದರು. ಬರೆದೆ. ಎರಡು ಪುಟ, ಗೀಟು ಹಾಕದ ಕಾಗದದಲ್ಲೂ ನೇರ ಸಾಲು. ಅಕ್ಷಮ್ಯ ವಿಳಂಬ ಎಂದು ಬರೆದೆ. ಬಡವರ ಪ್ರಾಣಕ್ಕೆ ಬೆಲೆಯಿಲ್ಲವೇ ಎಂದು ಬರೆದೆ. ಕಾರ್ಯದರ್ಶಿ ಓದಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಕೆಲವು ವಾರದ ಮೇಲೆ ಉತ್ತರ ಬಂತು: ಅಂದು ಹತ್ತಿರದಲ್ಲಿದ್ದೂ ಬೇರೊಂದು ಮನೆಯಲ್ಲಿ ಹೆಚ್ಚು ಹೊತ್ತು ಕಳೆದ ಸಿಬ್ಬಂದಿಯನ್ನು ವಿಚಾರಿಸಿ, ಊರಿನ ಉತ್ತರದ ತುದಿಯ ಎಣ್ಣೂರಿನ ಕಡೆಗೆ ವರ್ಗ ಮಾಡಲಾಗಿದೆ. ಆ ಬೇರೊಂದು ಮನೆ ಯಾವುದೆಂದು ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಇಷ್ಟಾದ ಮೇಲೂ, ಅದೇ ಭಜನೆಯ ಮನೆಯಲ್ಲಿ, ಒಂಬತ್ತು ನಿಮಿಷದಲ್ಲಿ ಬಂದರು ಎಂದು ನಾನು ಇಬ್ಬರಿಗೆ ಹೇಳಿದ್ದೇನೆ. ಉಪಾಯ ಫಲಿಸಿತು ಎಂಬ ಅರ್ಥದಲ್ಲಿ.

ಅತ್ತೆ ಹೋದ ವರ್ಷ ಮಲಗಿದಲ್ಲೇ ಹೋದರು. ಎಲ್ಲವೂ ಅವರೊಂದಿಗೆ ಮುಗಿಯಿತೆಂದುಕೊಂಡಿದ್ದೆ. ಇಸ್ತ್ರಿ ಗಾಡಿಯನ್ನು ಈಗ ಮುರುಗೇಶನ ಹೆಂಡತಿ ಸೆಲ್ವಿ ನಡೆಸುತ್ತಾಳೆ. ಅದೇ ಇದ್ದಿಲ ಪೆಟ್ಟಿಗೆ, ಅದೇ ನೀರು ಚಿಮುಕಿಸುವ ತೂತಿನ ಬಾಟಲಿ. ಹೋದ ತಿಂಗಳು ಬಟ್ಟೆ ಕೊಡಲು ಮೇಲೆ ಬಂದಿದ್ದಳು. ನಾನು ಬಾಗಿಲಲ್ಲಿ ನಿಂತು ಒಂದು ತೇಗು ತೇಗಿ, ಎದೆ ಉಜ್ಜಿಕೊಂಡು, ‘ಒಣ್ಣುಮಿಲ್ಲೆ ಸೆಲ್ವಿ, ಗ್ಯಾಸ್’ ಎಂದೆ. ಏನಿಲ್ಲ, ಬರೀ ಗ್ಯಾಸು.

ಸೆಲ್ವಿ ಬಟ್ಟೆಯ ಗಂಟನ್ನು ನೆಲಕ್ಕಿಟ್ಟು ನನ್ನ ಮುಂಗೈ ಹಿಡಿದುಕೊಂಡಳು. ಯಾವತ್ತೂ ಹಾಗೆ ಮುಟ್ಟಿದವಳಲ್ಲ. ಅಂಗೈ ಇಸ್ತ್ರಿಯ ಶಾಖದಿಂದ ದಪ್ಪಗಟ್ಟಿದೆ. ‘ಅಂದ ವಾರ್ತೈ ಸೊಲ್ಲಾದೀಂಗಮ್ಮಾ’ ಎಂದಳು. ಆ ಮಾತು ಹೇಳಬೇಡಿ ಅಮ್ಮಾ.

ಆಮೇಲೆ ಮೆಟ್ಟಿಲ ಮೇಲೆ ಕೂತು ಹೇಳಿದಳು. ಅಂದು ಬೆಳಿಗ್ಗೆ ಫೋನು ಮಾಡಿದವಳು ಅವಳೇ. ಗಂಡ, ದೊಡ್ಡದು ಮಾಡಬೇಡ, ಬರೀ ಗ್ಯಾಸು ಅನ್ನು, ಅವರನ್ನು ಸುಮ್ಮನೆ ಓಡಿಸಬೇಡ ಎಂದನಂತೆ. ಅವಳು ಹಾಗೆಯೇ ಹೇಳಿದಳಂತೆ. ಗ್ಯಾಸು ಅಂದದ್ದಕ್ಕೇ ಆಂಬುಲೆನ್ಸಿನವರು ನಿಧಾನವಾಗಿ ಬಂದರು. ಎದೆನೋವು ಅಂದಿದ್ದರೆ ಓಡಿ ಬರುತ್ತಿದ್ದರು. ನನ್ನ ಬಾಯಿಂದಲೇ ಗಂಡನನ್ನು ಕೊಂದೆ ಅಮ್ಮಾ. ನನ್ನ ಅತ್ತೆಯ ಮನೆಯವರೂ ಹಾಗೇ ಅನ್ನುತ್ತಾರೆ, ಮೈದುನ ಈಗಲೂ ನನ್ನ ಜೊತೆ ಮಾತಾಡುವುದಿಲ್ಲ ಎಂದಳು. ನಾಲ್ಕು ವರ್ಷದಿಂದ ಇದನ್ನು ಹೊತ್ತುಕೊಂಡು ಅವಳು ನಮ್ಮ ಬಟ್ಟೆಗಳ ಸುಕ್ಕು ತೆಗೆಯುತ್ತಿದ್ದಳು.

ನನ್ನ ಮುಂಗೈ ಇನ್ನೂ ಅವಳ ಕೈಯಲ್ಲೇ ಇತ್ತು. ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಹೋಗಲಿ ಬಿಡು ಸೆಲ್ವಿ ಎಂದೆ.

ರಾತ್ರಿ ಊಟಕ್ಕೆ ಕೂತಾಗ ಎಜಮಾನರಿಗೆ ಮೊದಲನೆಯ ಸಲ ಎಲ್ಲವನ್ನೂ ಹೇಳಿದೆ, ಅವಳಿಗೆ ಹೇಳುವವಳಿದ್ದೇನೆ ಎಂದೂ ಹೇಳಿದೆ. ಅವರು ಕೈ ತೊಳೆಯುವುದನ್ನು ಮರೆತು ಕೂತರು. ‘ನಿನ್ನನ್ನ ಯಾರು ಕೇಳಿದ್ರು ಈಗ? ಸುಮ್ನೆ ಇರೋದನ್ನ ಯಾಕೆ ಕೆದಕ್ತೀ? ನಾಳೆ ಅವ್ರ ಜನ ಬಂದು ಬಾಗಿಲಲ್ಲಿ ನಿಂತ್ರೆ? ಸಂಘದವರ ಮುಂದೆ ನನ್ನ ಮುಖ ಎಲ್ಲಿಡ್ಲಿ?’ ಎಂದರು. ಮುರುಗೇಶ ಹೇಗಿದ್ದರೂ ಉಳಿಯುತ್ತಿರಲಿಲ್ಲ ಎಂದರು. ಮಗಳು ಫೋನಿನಲ್ಲಿ ‘ವಿಟ್ಟುಡುಮ್ಮಾ’ ಎಂದಳು. ಬಿಟ್ಟುಬಿಡಬೇಕಂತೆ. ನಾನು ಪಾಪ, ಹೆದರಿದ್ದೆನಂತೆ.

ಉಳಿಯುತ್ತಿರಲಿಲ್ಲವೋ ಏನೋ. ನಾನು ಡಾಕ್ಟರಲ್ಲ. ಆದರೆ ಉಳಿಯುತ್ತಿದ್ದನೋ ಇಲ್ಲವೋ ಎಂದು ತಿಳಿಯುವ ಅವಕಾಶವನ್ನು ನಮ್ಮ ದೇವರ ಮನೆಯ ಹೊಸ್ತಿಲಿನಲ್ಲಿ ಕಾಲು ಗಂಟೆ ನಿಲ್ಲಿಸಿಕೊಂಡವಳು ನಾನು. ಅದನ್ನು ಸೆಲ್ವಿ ತನ್ನದೆಂದು ಹೊತ್ತುಕೊಂಡಿದ್ದಾಳೆ, ನಾನು ಅವಳ ಕೈಯಲ್ಲಿ ಸೀರೆ ಇಸ್ತ್ರಿ ಮಾಡಿಸಿಕೊಂಡು ಉಡುತ್ತಿದ್ದೇನೆ. ಎಜಮಾನರಿಗೆ ಹೇಳಿದೆ: ಅಂದು ನಿಮ್ಮನ್ನು ಕೇಳಲೆಂದು ಕಾದೆ. ಈ ಸಲ ಕಾಯುವುದಿಲ್ಲ. ಇಪ್ಪತ್ತೆಂಟು, ಈಗ ಮೂವತ್ತೆರಡು — ಇಷ್ಟು ವರ್ಷದಲ್ಲಿ ಅವರಿಗೆ ನಾನು ಹೀಗೆ ಎದುರಾಡಿದ್ದು ಅದೇ ಮೊದಲು. ಧ್ವನಿ ಏರಿಸಲಿಲ್ಲ. ತಟ್ಟೆ ಎತ್ತಿಕೊಂಡು ಹೋದೆ.

ಶುಕ್ರವಾರ ಭಜನೆಗೆ ಹೋಗಿ, ಹಾಡು ಶುರುವಾಗುವ ಮುಂಚೆ, ಹನ್ನೊಂದು ಜನರ ಮುಂದೆ ಹೇಳಿದೆ. ನಾವು ಇಲ್ಲಿ ಕೂತು ಒಬ್ಬರಿಗೊಬ್ಬರು ಕಲಿಸಿಕೊಟ್ಟ ಆ ಉಪಾಯಕ್ಕೆ ಇನ್ನೊಬ್ಬರ ಮನೆಗೆ ಹೋಗಬೇಕಾದ ಗಾಡಿ ಬೇಕಾಗುತ್ತದೆ ಎಂದೆ. ಯಾರ ಮನೆಗೆಂದೂ ಹೇಳಿದೆ. ತಾಳ ಹಿಡಿದವರು ತಾಳವನ್ನೇ ನೋಡುತ್ತಿದ್ದರು. ‘ಹೋಗ್ಲಿ ಬಿಡ್ರೀ, ಹೊತ್ತಾಯ್ತು, ಶುರು ಮಾಡೋಣ’ ಎಂದರು ಒಬ್ಬರು. ನನಗೆ ಆ ಉಪಾಯ ಹೇಳಿದವರೇ. ಮುಂದಿನ ಶುಕ್ರವಾರದ ಕರೆ ನನಗೆ ಬರಲಿಲ್ಲ. ಬರದಿದ್ದರೆ ಬೇಡ.

ಎರಡನೆಯ ದೂರನ್ನೂ ಬರೆದೆ, ಅದೇ ಕೈಬರಹದಲ್ಲಿ, ಅದೇ ಆಫೀಸಿಗೆ. ಈ ಸಲ ನನ್ನ ಮೇಲೆ. ಅಂದು ಆ ಬೇರೊಂದು ಮನೆ ನಮ್ಮದು, ಸಿಬ್ಬಂದಿ ಕವಿತಾ ಓಡಿ ಬಂದಳು, ಓಡಿ ಹೋಗಬೇಕೆಂದಳು, ಬಿಡದವಳು ನಾನು ಎಂದು ಬರೆದು, ಮನೆಯ ನಂಬರು ಹಾಕಿ, ಯಾರನ್ನೂ ಕೇಳದೆ ಸಹಿ ಮಾಡಿದೆ. ಉತ್ತರ ಬಂದಿಲ್ಲ. ಬಾರದಿದ್ದರೆ ಎಣ್ಣೂರಿಗೇ ಹೋಗಿ ಹುಡುಕುತ್ತೇನೆ.

ಸೆಲ್ವಿಗೆ ಹೇಳಿದ್ದು ಮೊನ್ನೆ. ಬಟ್ಟೆಯ ಗಂಟು ತೆಗೆದುಕೊಂಡು ನಾನೇ ಕೆಳಗಿಳಿದು ಪುಂಗೆ ಮರದ ಕೆಳಗೆ ಹೋದೆ. ಅವಳು ಯಾರದೋ ಬಿಳಿ ಪಂಚೆಯ ಮೇಲೆ ಇಸ್ತ್ರಿ ಎಳೆಯುತ್ತಿದ್ದಳು. ನನ್ನ ತಮಿಳು ಅಂಗಡಿಗೆ, ಆಟೋಗೆ ಸಾಲುವ ತಮಿಳು. ಇಂಥದಕ್ಕೆ ಅದರಲ್ಲಿ ಮಾತುಗಳಿವೆಯೇ ಎಂದು ರಾತ್ರಿಯೆಲ್ಲ ಹುಡುಕಿದ್ದೆ. ಇದ್ದವು. ಎದೆನೋವು ಅಂದದ್ದು, ಫೋನು ಕೇಳಿಸಿಕೊಂಡದ್ದು, ಸಹಿ ಮಾಡದೆ ನಿಲ್ಲಿಸಿಕೊಂಡದ್ದು, ದೂರು ಬರೆದದ್ದು — ಬಿಡದೆ ಹೇಳಿದೆ. ಕ್ಷಮಿಸು ಎಂದು ಕೇಳಲಿಲ್ಲ. ಕೇಳಿದ್ದರೆ ಅವಳು ಏನಾದರೂ ಕೊಡಬೇಕಾಗುತ್ತಿತ್ತು; ಆ ಮನೆಯಿಂದ ನಾನು ತೆಗೆದುಕೊಂಡದ್ದೇ ಸಾಕಾಗಿತ್ತು.

ಸೆಲ್ವಿ ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿ ಪಕ್ಕದ ಕಲ್ಲಿನ ಮೇಲಿಟ್ಟಳು. ಪಂಚೆ ಸುಡಬಾರದೆಂದು. ಆಮೇಲೆ ಕೇಳಿದಳು:

‘ನಾನ್ ಗ್ಯಾಸ್‌ನು ಸೊನ್ನದಾಲೆ ಇಲ್ಲಿಯಾ?’

ನಾನು ಗ್ಯಾಸು ಅಂದದ್ದರಿಂದ ಅಲ್ಲವಾ?

‘ಇಲ್ಲೆ ಸೆಲ್ವಿ’ ಎಂದೆ. ಅಲ್ಲ. ಗ್ಯಾಸು ಅಂದರೂ ಹತ್ತಿರದ ಗಾಡಿ ನಿನ್ನ ಕಡೆಗೇ ಬರಲು ನೋಡುತ್ತಿತ್ತು, ನನ್ನ ಕಿವಿಯಾರೆ ಕೇಳಿದ್ದೇನೆ. ನಿಲ್ಲಿಸಿದವಳು ನಾನು. ನಿನ್ನ ಮೈದುನನ ಮುಂದೆಯೂ ಬಂದು ಹೇಳುತ್ತೇನೆ, ಯಾವಾಗ ಕರೆದರೂ.

ಅವಳು ಅಳಲಿಲ್ಲ, ಬೈಯಲಿಲ್ಲ. ಗಾಡಿಯ ಹಲಗೆ ಹಿಡಿದುಕೊಂಡು ಒಂದು ದೀರ್ಘ ಉಸಿರು ಬಿಟ್ಟಳು. ನಂತರ ನಮ್ಮ ಗಂಟನ್ನು ಎತ್ತಿ, ಬಿಚ್ಚದೆ, ನನ್ನ ಕೈಗೇ ಇಟ್ಟಳು. ‘ಉಂಗ ತುಣಿ ಇನಿಮೇ ಎನಕ್ಕು ವೇಂಡಾಂ.’ ನಿಮ್ಮ ಬಟ್ಟೆ ಇನ್ನು ಮೇಲೆ ನನಗೆ ಬೇಡ. ತಲೆಯಾಡಿಸಿದೆ. ಮೂರು ಮಹಡಿ ಹತ್ತಿ ಬಂದೆ, ಗಂಟು ಹೊತ್ತುಕೊಂಡು.

ಇಂದು ಬೆಳಿಗ್ಗೆ ಎಜಮಾನರು ಆಫೀಸಿಗೆ ಹೊರಟಾಗ ಅಂಗಿಯ ತೋಳು ಹಿಡಿದು ನನ್ನ ಮುಂದೆ ನಿಂತರು. ನಾನೇ ಇಸ್ತ್ರಿ ಮಾಡಿದ ಅಂಗಿ. ಬೆನ್ನಿನಲ್ಲಿ, ತೋಳಿನಲ್ಲಿ ಗೆರೆ ಗೆರೆ. ಮುಂದಿನ ಬೀದಿಯಲ್ಲಿ ಇನ್ನೊಬ್ಬ ಇಸ್ತ್ರಿಯವನಿದ್ದಾನಲ್ಲ, ಅವನಿಗೆ ಕೊಡಬಾರದೇ ಎಂದರು. ಸಂಘದವರೆಲ್ಲ ಕೆಳಗೆ ಗೇಟಿನಲ್ಲೇ ನಿಂತಿರುತ್ತಾರೆ, ಏನಾಯಿತೆಂದು ಕೇಳಿದರೆ ಏನು ಹೇಳಲಿ ಎಂದರು.

ಕೇಳಿದರೆ ನಡೆದದ್ದನ್ನೇ ಹೇಳಿ ಎಂದೆ. ನಿಮಗಾಗದಿದ್ದರೆ ಮೇಲೆ ಕಳಿಸಿ, ನಾನು ಹೇಳುತ್ತೇನೆ.

ಕಾಲರು ಸರಿಮಾಡಿ ಕಳಿಸಿದೆ. ಬಾಲ್ಕನಿಯಿಂದ ನೋಡಿದೆ: ಪುಂಗೆ ಮರದ ಕೆಳಗೆ ಸೆಲ್ವಿ ಇದ್ದಿಲಿಗೆ ಗಾಳಿ ಬೀಸುತ್ತಿದ್ದಳು. ಸುಕ್ಕಿನ ಅಂಗಿಯಲ್ಲಿ ಎಜಮಾನರು ಅವಳ ಮುಂದೆಯೇ ನಡೆದು ಹೋದರು.